ಕಾಕಾ ರಿವಾಲ್ವರ್ ಆರಿಸಿದ್ದು

ಕಾಕಾ ತೀರಿಕೊಂಡು ವರ್ಷಗಳೇ ಆದವು. ಕಳೆದ ಚಳಿಗಾಲದಲ್ಲಿ ಕಾಕೂ ಕೂಡ ಹೋದರು. ಇನ್ನು ಬರೆದರೆ ಯಾರಿಗೂ ನೋವಾಗುವುದಿಲ್ಲ ಎಂಬ ಧೈರ್ಯದಿಂದ ಬರೆಯಲು ಕೂತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ವೆಂಬ್ಲಿಯಿಂದ ಕ್ರೋಯ್ಡನ್ನಿನವರೆಗಿನ ನಮ್ಮ ಜನ ಒಬ್ಬೊಬ್ಬರಾಗಿ ಫೋನು ಮಾಡಿ, "ಅಯ್ಯೋ, ನನ್ನ ಮೊದಲನೇ ಕನ್ನಡಕ ಅವರೇ ಅಲ್ವಾ ಮಾಡಿಕೊಟ್ಟಿದ್ದು!" ಎಂದು ಶುರು ಮಾಡುತ್ತಾರೆ. ಆಮೇಲೆ ಆ ಕನ್ನಡಕ ಕೈಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬ ಪುರಾಣ. ಅದು ನನಗೆ ಬೇಡ. ಆ ಪುರಾಣವೆಲ್ಲ ನನ್ನ ಕಣ್ಣೆದುರಿಗೇ ನಡೆದದ್ದು.

ಅವರು ಧಾರವಾಡದವರು. ನಾನು ಮೈಸೂರಿನವಳು. ನಮ್ಮ ಕಡೆಯಾದರೆ ಚಿಕ್ಕಪ್ಪ, ಚಿಕ್ಕಮ್ಮ ಎನ್ನಬೇಕು. ಆದರೆ ಉತ್ತರ ಲಂಡನ್ನಿನ ಕನ್ನಡದವರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕೂ ಆಗಿದ್ದಾಗ ನಾನೊಬ್ಬಳು ಬೇರೆ ಕರೆದು ಏನು ಸಾಧಿಸಬೇಕಿತ್ತು? ಕ್ವೀನ್ಸ್‌ಬರಿ ಸ್ಟೇಷನ್ನಿನ ಹತ್ತಿರ ಅವರದೊಂದು ಕನ್ನಡಕದ ಅಂಗಡಿ. ಒಳಗಿನ ಕತ್ತಲೆಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವರ ಕೆಲಸ. ಹೊರಗೆ ಕೌಂಟರಿನಲ್ಲಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವುದು, ಫ್ರೇಮುಗಳ ಧೂಳು ಒರೆಸುವುದು, ಕಾದು ಕಾದು ಬೇಸತ್ತವರನ್ನು ಸಮಾಧಾನ ಮಾಡುವುದು ನನ್ನ ಕೆಲಸ. ಮೂರನೆಯದೇ ಹೆಚ್ಚು.

ಕಣ್ಣು ಪರೀಕ್ಷೆ ಹೇಗೆ ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, "ಮೊದಲನೇದು ಚೆನ್ನಾಗಿದೆಯೋ, ಎರಡನೇದೋ?" ಎಂದು ಕೇಳುತ್ತಾರೆ. ಬೇರೆಯವರು ನಾಲ್ಕೈದು ಸಲ ಕೇಳಿ ಮುಗಿಸುತ್ತಾರೆ. ನಮ್ಮ ಕಾಕಾಗೆ ಆ ಪ್ರಶ್ನೆಯ ಮೇಲೆಯೇ ಪ್ರೀತಿ. ವೆಂಬ್ಲಿಯಿಂದ ಬರುತ್ತಿದ್ದ ಒಬ್ಬ ಗುಜರಾತಿ ಅಜ್ಜಿ ಒಂದು ದಿನ, "ಎರಡೂ ಒಂದೇ ಥರ ಇದೆ ಭಾಯಿ, ಯಾವುದಾದರೂ ಕೊಟ್ಟುಬಿಡು, ನನ್ನ ಬಸ್ಸು ಹೋಗ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಮುಗಿದರಂತೆ. ಕಾಕಾ ಅಷ್ಟೇ ವಿನಯದಿಂದ ಮತ್ತೆ ಮೊದಲಿನಿಂದ ಶುರು ಮಾಡಿದರು. ಅಜ್ಜಿಯ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು. ಆದರೆ ಆ ಕನ್ನಡಕದ ಬಗ್ಗೆ ಆಕೆ ಯಾವತ್ತೂ ದೂರು ತರಲಿಲ್ಲ ಎಂಬುದನ್ನೂ ಹೇಳಬೇಕು.

ಇಡೀ ದಿನ ಊರಿನವರೆಲ್ಲ ಆರಿಸುವಂತೆ ಮಾಡುವ ಮನುಷ್ಯನಿಗೆ ತನ್ನದೊಂದು ಆರಿಸಲು ಬರುತ್ತಿರಲಿಲ್ಲ! ಮನೆಯ ಮುಂದಿನ ಕೋಣೆಗೆ ಪರದೆ ತರಲು ಹೋಗಿ ಎರಡು ಬಣ್ಣದ ತುಂಡು ತಂದು, ಕಿಟಕಿಯ ಆ ಕಡೆ ಒಂದು, ಈ ಕಡೆ ಒಂದು ತೂಗಿಹಾಕಿ "ನೋಡೋಣು" ಎಂದರು. ಆ ಕಿಟಕಿ ಹಾಗೆಯೇ ಉಳಿಯಿತು. ಬಂದವರು ಅದೇ ಹೊಸ ಫ್ಯಾಶನ್ ಇರಬೇಕೆಂದುಕೊಂಡು ಸುಮ್ಮನಾಗುತ್ತಿದ್ದರು. ಕಾರು ಕಲಿಯಲು ಹೋಗಿ ಪರೀಕ್ಷೆಯಲ್ಲಿ ಫೇಲಾದದ್ದೂ ಹೀಗೆಯೇ. ರೌಂಡಬೌಟಿನ ಬಾಯಲ್ಲಿ ನಿಂತು, ಬರುವವರೆಲ್ಲ ಹೋಗಲಿ ಎಂದು ಕಾದರು. ಲಂಡನ್ನಿನಲ್ಲಿ ಬರುವವರು ಮುಗಿಯುತ್ತಾರೆಯೇ? ಪರೀಕ್ಷಕನೇ ಕೊನೆಗೆ ಸೀಟು ಬದಲಾಯಿಸಿ ಕಾರನ್ನು ವಾಪಸು ತಂದನಂತೆ.

"ತಾಳಿದವ ಬಾಳ್ಯಾನು ಅಂತಾರ" ಎಂದು ಕಾಕಾ ನಗುತ್ತಿದ್ದರು.

"ಬಾಳೂದು ಯಾವಾಗ್ರೀ? ನೀವು ಬರೇ ತಾಳತೀರಿ" ಎಂದು ಕಾಕೂ ಒಳಗಿನಿಂದ ಕೂಗುತ್ತಿದ್ದರು.

ಇಂಥವರಿಗೆ ಬಂದೂಕಿನ ಹುಚ್ಚು ಹತ್ತಿದ್ದು ಒಬ್ಬ ಗಿರಾಕಿಯಿಂದ. ನಿವೃತ್ತ ಪೋಸ್ಟ್‌ಮನ್, ಇಂಗ್ಲಿಷರು, ಎತ್ತರದ ಆಳು. ಅವರ ದೂರು ವಿಚಿತ್ರವಾಗಿತ್ತು. ದೂರದ್ದು ಕಾಣುತ್ತದೆ, ಪೇಪರೂ ಓದುತ್ತೇನೆ, ಕೈ ಚಾಚಿ ಹಿಡಿದ ಪಿಸ್ತೂಲಿನ ತುದಿ ಮಾತ್ರ ಮಸುಕು ಎಂದರು. ಹ್ಯಾರೋದಿಂದ ಆಚೆಗೆ ಒಂದು ಕ್ಲಬ್ಬಿನಲ್ಲಿ ಭಾನುವಾರಕ್ಕೊಮ್ಮೆ ಗುರಿ ಹೊಡೆಯುವ ಹವ್ಯಾಸ ಅವರದು. ಬೇರೆ ಡಾಕ್ಟರಾಗಿದ್ದರೆ ಅಳತೆಪಟ್ಟಿ ತೆಗೆದು ಕೈ ಅಳೆದು ಮುಗಿಸುತ್ತಿದ್ದರು. ಕಾಕಾ, "ನಾ ಬಂದು ನೋಡಬೇಕಲಾ" ಎಂದು ಕ್ಲಬ್ಬಿಗೇ ಹೋದರು.

ಸೋಮವಾರ ಅಂಗಡಿಗೆ ಬಂದಾಗ ಮುಖದ ಕಳೆಯೇ ಬೇರೆ. ಕೋಟು ಬಿಚ್ಚುವ ಮೊದಲೇ ಪಾಠ ಶುರುವಾಯಿತು.

"ತಂಗೀ, ಜನಾ ತಿಳಕೊಂಡಾರ, ಗುಂಡು ಹೊಡಿಯಾಂವ ಗುರಿ ನೋಡತಾನ ಅಂತ. ಅಲ್ಲ! ನಳಿಗಿ ತುದೀಗೆ ಒಂದು ಸಣ್ಣ ಮೊಳಿ ಇರತದ. ಅದನ್ನ ನೋಡಬೇಕು. ಗುರಿ ಮಸಕ ಇದ್ದರೂ ನಡೀತದ, ಮೊಳಿ ಸ್ವಚ್ಛ ಕಾಣಬೇಕು. ಎಂಥಾ ಮಜಾ ಅದ ನೋಡು!"

ಪೋಸ್ಟ್‌ಮನ್‌ಗೆ ಆ ಮೊಳೆ ಕಾಣುವಂಥ ಕನ್ನಡಕ ಸಿಕ್ಕಿತು, ಕಾಕಾಗೆ ಕ್ಲಬ್ಬು ಸಿಕ್ಕಿತು. ಸದಸ್ಯರಾದರು, ಪೊಲೀಸರ ಪರವಾನಗಿಯೂ ಬಂತು. ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಉಕ್ಕಿನ ಕಪಾಟನ್ನು ಗೋಡೆಗೆ ಬಿಗಿಸಿಯೂ ಆಯಿತು. ಕಪಾಟಿನಲ್ಲಿ ಇಡಬೇಕಾದ್ದನ್ನು ಆರಿಸುವುದೊಂದು ಬಾಕಿ.

ಅವರಿಗೆ ಬೇಕಾದದ್ದು ಕೌಬಾಯ್‌ಗಳು ಸೊಂಟಕ್ಕೆ ಕಟ್ಟಿಕೊಳ್ಳುವಂಥ ಹಳೆಯ ಮಾದರಿಯ ರಿವಾಲ್ವರ್. ನನಗೆ ನಗು ತಡೆಯಲಾಗಲಿಲ್ಲ. ಕಂದು ಸ್ವೆಟರು, ಕುತ್ತಿಗೆಗೆ ದಾರ ಕಟ್ಟಿದ ಓದುವ ಕನ್ನಡಕ, ಜೇಬಿನಲ್ಲಿ ಅಡಿಕೆ ಡಬ್ಬಿ, ಇವರು ಕೌಬಾಯ್! "ಕುದುರೆ ಎಲ್ಲಿ ಕಟ್ತೀರಿ ಕಾಕಾ, ಜೂಬಿಲಿ ಲೈನಿನ ರೈಲಿನಲ್ಲಾ?" ಎಂದು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಕೌಂಟರಿನ ಮೇಲಿನ ಸ್ಟೇಪ್ಲರನ್ನೇ ಹಿಡಿದು ವಿವರಿಸಿದರು. ಬೇರೆ ರಿವಾಲ್ವರುಗಳಲ್ಲಿ ಟ್ರಿಗರ್ ಒತ್ತುತ್ತಾ ಹೋದರೆ ಗುಂಡು ಹಾರುತ್ತಾ ಹೋಗುತ್ತದೆ. ಇದರಲ್ಲಿ ಹಾಗಲ್ಲ. ಪ್ರತಿಯೊಂದು ಗುಂಡಿಗೂ ಹಿಂದಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು. ಆಮೇಲೆಯೇ ಟ್ರಿಗರ್.

"ಅಂದ್ರ, ಒಂದೊಂದು ಸಲಾನೂ ಇನ್ನೊಮ್ಮೆ ವಿಚಾರ ಮಾಡಲಿಕ್ಕೆ ವೇಳ್ಯಾ ಸಿಗತದ" ಎಂದರು.

"ವಿಚಾರ ಮಾಡಲಿಕ್ಕೆ ಇವರಿಗೆ ವೇಳ್ಯಾ ಬೇರೆ ಕೊಡಬೇಕ?" ಎಂದರು ಕಾಕೂ, ಇದನ್ನು ನಾನು ಹೋಗಿ ವರದಿ ಮಾಡಿದಾಗ.

ಹೀಗೆ ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಯಾತ್ರೆ ಶುರುವಾಯಿತು. ಕಾಕಾಗೆ ಕಾರು ಓಡಿಸಲು ಬರದು, ಬಂದೂಕಿನ ಅಂಗಡಿಯೋ ಕ್ರೋಯ್ಡನ್ ದಾಟಿ ಇತ್ತು. ಆದ್ದರಿಂದ ನನ್ನ ಪುಟ್ಟ ಕಾರು, ನನ್ನ ಶನಿವಾರ, ನನ್ನ ಸೊಂಟನೋವು. ಹಿಂದಿನ ಸೀಟಿನಲ್ಲಿ ಕಾಕೂ ಕಟ್ಟಿಕೊಟ್ಟ ಹಚ್ಚಿದ ಅವಲಕ್ಕಿಯ ಡಬ್ಬಿ. ಅಂಗಡಿಯವನು ಕೆಂಪು ಮುಖದ, ದೊಡ್ಡ ಹೊಟ್ಟೆಯ, ಸಹನಶೀಲ ಮನುಷ್ಯ. ಮೂರನೆಯ ಭೇಟಿಯ ಹೊತ್ತಿಗೆ ನಾವು ಬಾಗಿಲು ತಳ್ಳಿದ ಕೂಡಲೇ ಚಹಾಕ್ಕೆ ನೀರಿಡುತ್ತಿದ್ದ.

ಕಾಕಾ ರಿವಾಲ್ವರ್ ನೋಡುತ್ತಿದ್ದ ರೀತಿ ಧಾರವಾಡದ ಕಡೆ ಕನ್ಯಾ ನೋಡುವ ರೀತಿಯೇ. ಮೊದಲು ಕೂತು ಕ್ಷೇಮಸಮಾಚಾರ, ಹವೆಯ ಮಾತು, ಚಹಾ. ಆಮೇಲೆ ಬಟ್ಟೆಯ ಮೇಲೆ ಇಟ್ಟದ್ದನ್ನು ಮುಟ್ಟದೆ, ಕತ್ತು ಓರೆ ಮಾಡಿ ನೋಡುವುದು. ಇದರ ಊರು ಯಾವುದು, ಯಾರ ಕೈಯಲ್ಲಿತ್ತು, ಯಾಕೆ ಮಾರುತ್ತಿದ್ದಾರೆ. ಇಷ್ಟಾದ ಮೇಲೆ, "ಮೇ ಐ?" ಎಂದು ಕೈಗೆತ್ತಿಕೊಳ್ಳುವುದು. ನಳಿಗೆ ಉದ್ದವಿದ್ದರೆ ಮುಂಭಾರವಾಗುತ್ತದೆ, ಕೈ ನಡುಗುವುದಿಲ್ಲ. ಗಿಡ್ಡವಿದ್ದರೆ ಹಗುರ, ಆದರೆ ತುದಿಯ ಮೊಳೆ ಕಣ್ಣಿಗೆ ಹತ್ತಿರವಾಗಿ ಮಸುಕಾಗುತ್ತದೆ. ಮೊಳೆಯನ್ನು ನೋಡುವ ಹಿಂದಿನ ಕಿಂಡಿಯನ್ನು ತಿರುಪಿನಿಂದ ಸರಿಪಡಿಸುವಂಥದ್ದು ಒಂದು, ಕೊರೆದಿಟ್ಟ ಹಾಗೆಯೇ ಇರುವಂಥದ್ದು ಇನ್ನೊಂದು. ಹಿಡಿಕೆ ಸಣ್ಣದಾದರೆ ಕಿರುಬೆರಳಿಗೆ ಜಾಗವಿಲ್ಲ. ಪ್ರತಿಯೊಂದನ್ನೂ ಗೋಡೆಯ ಕಡೆಗೆ ಹಿಡಿದು, ಹೆಬ್ಬೆರಳಿನಿಂದ ಸುತ್ತಿಗೆ ಎಳೆದು, ಕಣ್ಣು ಕಿರಿದು ಮಾಡಿ, ತನಗೆ ತಾನೇ ಕೇಳಿಕೊಳ್ಳುತ್ತಿದ್ದರು, "ಒಂದನೇದು ಛಲೋನೋ, ಎರಡನೇದೋ?"

ಕೊನೆಗೆ ಎದ್ದು ನಿಂತು ಕೈ ಕುಲುಕಿ, "ವೆರಿ ನೈಸ್. ವಿ ವಿಲ್ ಗೋ ಹೋಮ್ ಅಂಡ್ ಲೆಟ್ ಯೂ ನೋ" ಎನ್ನುತ್ತಿದ್ದರು. ಮನೆಗೆ ಹೋಗಿ ತಿಳಿಸುತ್ತೇವೆ! ಹುಡುಗಿಯ ಮನೆಯಲ್ಲೇ ಹೂಂ ಅಥವಾ ಉಹೂಂ ಎನ್ನಬಾರದಲ್ಲ. ಪಾಪ, ಅಂಗಡಿಯವನಿಗೆ ಈ ಸಂಪ್ರದಾಯ ಏನು ಗೊತ್ತು? ಪ್ರತಿಸಲವೂ ಕಾಕಾ ನೋಡಿದ್ದಕ್ಕೆ ಅವರ ಹೆಸರಿನ ಚೀಟಿ ಕಟ್ಟಿ ಒಳಗಿಡುತ್ತಿದ್ದ. ಒಂದು ಹಂತದಲ್ಲಿ ಅವನ ಅರ್ಧ ಕಪಾಟು ನಮ್ಮ ಕಾಕಾ ಹೆಸರಿನಲ್ಲಿತ್ತು.

ಇದರ ಮೇಲೆ ಮುಹೂರ್ತ ಬೇರೆ. ವರ್ಷಕ್ಕೆ ಮೂರೂವರೆ ಮುಹೂರ್ತಗಳಂತೆ. ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ ಮೂರೂ ಪೂರ್ತಿ, ದೀಪಾವಳಿಯ ಪಾಡ್ಯ ಅರ್ಧ. ಆ ದಿನಗಳಲ್ಲಿ ಪಂಚಾಂಗ ನೋಡದೆ ಏನು ಬೇಕಾದರೂ ಕೊಳ್ಳಬಹುದು, ಬೇರೆ ದಿನ ಅಷ್ಟು ದೊಡ್ಡ ವಸ್ತು ಮನೆಗೆ ತರುವುದುಂಟೇ ಎಂದು ಅವರ ವಾದ. ವಿಜಯದಶಮಿಯ ದಿನ ವೆಂಬ್ಲಿಯ ಹಾಲಿನಲ್ಲಿ ನಾವೆಲ್ಲ ಸೇರಿ, ಬನ್ನಿ ಎಲೆ ಸಿಗದೆ ಪಲಾವಿನ ಎಲೆಯನ್ನೇ ಒಬ್ಬರಿಗೊಬ್ಬರು ಕೊಟ್ಟುಕೊಂಡು "ಬಂಗಾರದ್ಹಾಂಗ ಇರೋಣು" ಎನ್ನುತ್ತಿದ್ದಾಗ ಯಾರೋ ಕೇಳಿದರು, "ಕಾಕಾ, ಪಿಸ್ತೂಲು ಬಂತೇನ್ರಿ?"

"ಎರಡು ಉಳದಾವ. ದೀಪಾವಳಿಗೆ ನೋಡಬೇಕು" ಎಂದರು ಕಾಕಾ.

"ದೀಪಾವಳೀದು ಅರ್ಧ ಮುಹೂರ್ತರೀ" ಎಂದರು ಕಾಕೂ, "ಅರ್ಧಾ ರಿವಾಲ್ವರ್ ಬರತದ."

ಹಾಲೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕಾಕಾನೇ ನಕ್ಕರು.

ಅಂತೂ ಇಂತೂ ಆ ಚಳಿಗಾಲ ಮುಗಿಯುವ ಹೊತ್ತಿಗೆ ಪವಾಡ ನಡೆಯಿತು. ಕಾಕಾ ಒಂದನ್ನು ಆರಿಸಿದರು. ನೀಲಿಗಪ್ಪು ಉಕ್ಕು, ಅಕ್ರೋಟು ಮರದ ಹಿಡಿಕೆ, ಉದ್ದದ ನಳಿಗೆ. ಯುಗಾದಿಯ ದಿನ ತರುವುದೆಂದು ಗೊತ್ತಾಯಿತು. ಕಾಕೂ ಹೋಳಿಗೆಗೆ ಬೇಳೆ ತಂದಿಟ್ಟರು. ನಾನು ರಜೆ ಹಾಕಿದೆ. ಪೋಸ್ಟ್‌ಮನ್ ಅಂಗಡಿಗೆ ಬಂದು ಕಾಕಾ ಬೆನ್ನು ತಟ್ಟಿ ಹೋದರು.

ಯುಗಾದಿಗೆ ಒಂದು ವಾರವಿದ್ದಾಗ ಆ ಸುದ್ದಿ ಬಂತು. ಸ್ಕಾಟ್ಲೆಂಡಿನ ಒಂದು ಊರಿನ ಶಾಲೆಗೆ ಒಬ್ಬ ಕೈಬಂದೂಕುಗಳನ್ನು ಹಿಡಿದು ನುಗ್ಗಿ ಪುಟ್ಟ ಪುಟ್ಟ ಮಕ್ಕಳನ್ನು, ಅವರ ಟೀಚರನ್ನು ಕೊಂದಿದ್ದ. ಕಾಕೂ ನಮ್ಮ ಹತ್ತಿರದ ಇನ್ಫಂಟ್ ಸ್ಕೂಲಿನಲ್ಲಿ ಮಧ್ಯಾಹ್ನದ ಊಟ ಬಡಿಸುವ ಕೆಲಸ ಮಾಡುತ್ತಿದ್ದರು. ಅದೇ ವಯಸ್ಸಿನ ಮಕ್ಕಳು. ಅಂಗಡಿ ಮುಚ್ಚಿ ಕಾಕಾ ಜೊತೆ ನಾನೂ ಅವರ ಮನೆಗೆ ಹೋದೆ. ಕಾಕೂ ಹೊರಗಿನ ಕೋಟನ್ನೂ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದರು.

"ಅಷ್ಟಷ್ಟ ಕೂಸುಗಳು ಅವು" ಎಂದರು ನಮ್ಮನ್ನು ನೋಡಿ. "ಬಟಾಣಿ ಬ್ಯಾಡ ಅಂತ ಹಟಾ ಮಾಡತಾವ. ಅಷ್ಟ ಸಣ್ಣವು."

ರಿವಾಲ್ವರಿನ ಮಾತೇ ಎತ್ತಲಿಲ್ಲ. ಕಾಕಾ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಗೋಡೆಯ ಫೋನು ತೆಗೆದು ಕ್ರೋಯ್ಡನ್ ಆಚೆಯ ಅಂಗಡಿಗೆ ಮಾಡಿದರು. "ಇಟ್ ಈಸ್ ನಾಟ್ ವಾಂಟೆಡ್. ಥ್ಯಾಂಕ್ಯೂ. ನೋ, ಐ ವಿಲ್ ನಾಟ್ ರಿಂಗ್ ಅಗೇನ್" ಎಂದು ಇಟ್ಟರು. ಅಷ್ಟು ವರ್ಷ ಅವರನ್ನು ಕಂಡಿದ್ದೇನೆ, ಮನೆಗೆ ಹೋಗಿ ತಿಳಿಸುತ್ತೇನೆ ಎನ್ನದೆ ಅವರು ಒಂದು ಮಾತು ಮುಗಿಸಿದ್ದು ನಾನು ನೋಡಿದ್ದು ಅದೇ ಮೊದಲು. ಕಾಕೂ ಕೋಟಿನ ಗುಂಡಿಯನ್ನು ತಾವೇ ಬಿಚ್ಚಿ, ಕೋಟು ತೆಗೆದು ಮೊಳೆಗೆ ಹಾಕಿ, ಚಹಾಕ್ಕೆ ಇಟ್ಟರು. ನನಗೆ ಆ ಹೊತ್ತಿನಲ್ಲಿ ಕಾಕಾ ಮೇಲೆ ಬಂದ ಗೌರವ ಮತ್ತೆ ಕಡಿಮೆಯಾಗಲಿಲ್ಲ.

ಮರುವರ್ಷ ಸರ್ಕಾರವೇ ಅಂಥ ಕೈಬಂದೂಕುಗಳನ್ನೆಲ್ಲ ನಿಷೇಧಿಸಿತು. ಕ್ಲಬ್ಬಿನವರು ಗೊಣಗಿದರು, ಸಭೆ ಮಾಡಿದರು. ಪೋಸ್ಟ್‌ಮನ್ ತಮ್ಮದನ್ನು ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಬಂದು ನಮ್ಮ ಅಂಗಡಿಯಲ್ಲಿ ಕೂತು ಮೂಗು ಒರೆಸಿಕೊಂಡರು. ಕಾಕಾ ಯಾರ ಜೊತೆಗೂ ವಾದ ಮಾಡಲಿಲ್ಲ. ಭಾನುವಾರ ಕ್ಲಬ್ಬಿಗೆ ಹೋಗುವುದನ್ನು ಬಿಡಲೂ ಇಲ್ಲ. ಅಲ್ಲಿ ಬೇರೆಯವರು ರೈಫಲ್ಲಿನಲ್ಲಿ ಹೊಡೆಯುವಾಗ ಇವರು ಚಹಾ ಮಾಡುವುದು, ಕನ್ನಡಕದ ಸಡಿಲ ಸ್ಕ್ರೂ ಬಿಗಿಸಿಕೊಡುವುದು ಮಾಡುತ್ತಿದ್ದರಂತೆ. ಖಾಲಿ ಉಳಿದ ಉಕ್ಕಿನ ಕಪಾಟಿನಲ್ಲಿ ಕಾಕೂ ಉಪ್ಪಿನಕಾಯಿ ಭರಣಿಗಳನ್ನಿಟ್ಟರು. ತಂಪಾಗಿರುತ್ತದೆ, ಬೀಗವೂ ಇದೆ, ತಮ್ಮ ಒಬ್ಬಳೇ ಮಗಳು ಕದಿಯುವುದಿಲ್ಲ ಎಂದು ಸಮಜಾಯಿಷಿ.

ಹೊಸ ಶತಮಾನ ಬಂತು. ಕಾಕಾ ಅಂಗಡಿಯನ್ನು ಇನ್ನೊಬ್ಬರಿಗೆ ಕೊಟ್ಟು ನಿವೃತ್ತರಾದರು. ಒಂದು ದಿನ ಪೋಸ್ಟ್‌ಮನ್ ಅವರ ಮನೆಗೆ ಬಂದು ಹೊಸ ಸುದ್ದಿ ಹೇಳಿದರು. ಕಾನೂನಿನಲ್ಲಿ ಒಂದು ಬಗೆಗೆ ವಿನಾಯಿತಿ ಇದೆ. ಅದೇ ಕೌಬಾಯ್ ಮಾದರಿ, ಆದರೆ ಇನ್ನೂ ಹಳೆಯದು. ಮುಂದಿನಿಂದ ಮದ್ದಿನಪುಡಿ ಸುರಿದು, ಸೀಸದ ಉಂಡೆ ಒತ್ತಿ, ಹಿಂದೆ ಕಿಡಿ ಹಾರಿಸುವ ಕೇಪು ಸಿಕ್ಕಿಸಿ, ಆಮೇಲೆ ಹೊಡೆಯಬೇಕು. ಆರು ಗುಂಡು ತುಂಬುವ ಹೊತ್ತಿಗೆ ಒಂದು ಚಹಾ ಕುಡಿದು ಮುಗಿಯುತ್ತದೆ. ಪರವಾನಗಿ ಇದ್ದರೆ ಕ್ಲಬ್ಬಿನಲ್ಲಿ ಹೊಡೆಯಬಹುದು.

ಮಾತಾಡಿದ್ದು ಕಾಕೂ.

"ತಗೊಳ್ರೀ" ಎಂದರು.

ನಾನೂ ಅಲ್ಲೇ ಇದ್ದೆ. ಕಾಕಾ ತಲೆಯೆತ್ತಿ ನೋಡಿದರು.

"ಅಲ್ರೀ, ನನ್ನ ಸಲುವಾಗಿ ಬಿಟ್ಟೀರಿ ನೀವು. ನನಗ ಗೊತ್ತಿಲ್ಲೇನು? ಅಲ್ಲಿ ಹೋಗಿ ಮಂದೀಗೆ ಚಾ ಮಾಡಿಕೊಡತೀರಂತ. ನೋಡಲಿಕ್ಕೆ ಆಗೂದಿಲ್ಲ ನನಗ. ತಗೊಳ್ರಿ. ನನ್ನ ಹೂಂ ಅದ."

ಪರವಾನಗಿ ಹೊಸದಾಗಬೇಕಿತ್ತು. ಪೊಲೀಸ್ ಇಲಾಖೆಯಿಂದ ಒಬ್ಬ ಅಧಿಕಾರಿ ಮನೆ ನೋಡಲು ಬಂದರು. ನನ್ನನ್ನು ಕಾಕೂ ಧೈರ್ಯಕ್ಕೆ ಕರೆಸಿಕೊಂಡಿದ್ದರು. ಉಪ್ಪಿಟ್ಟು, ಚಹಾ ಆದ ಮೇಲೆ ಅಧಿಕಾರಿ ಮೆಟ್ಟಿಲ ಕೆಳಗೆ ಬಗ್ಗಿ ಕಪಾಟಿನ ಬೀಗ ತೆಗೆಸಿದರು. ಒಳಗೆ ಸಾಲಾಗಿ ಭರಣಿಗಳು.

"ವಾಟ್ ಈಸ್ ದಿಸ್, ಮೇಡಂ?"

"ಮ್ಯಾಂಗೋ" ಎಂದರು ಕಾಕೂ. "ದಟ್ ಒನ್ ಲೆಮನ್. ವೆರಿ ಹಾಟ್, ಬಿ ಕೇರ್‌ಫುಲ್."

ಕಪಾಟಿನ ಕೀಲಿ ಕೈ ಇನ್ನು ಮುಂದೆ ಯಜಮಾನರ ಹತ್ತಿರ ಮಾತ್ರ ಇರಬೇಕು, ಮೇಡಂ ಕೈಗೂ ಸಿಗಬಾರದು ಎಂದು ಅಧಿಕಾರಿ ಹೇಳಿದಾಗ ಕಾಕೂ ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟರು. ಹೋಗುವ ಮೊದಲು ಅವರು ಮೃದುವಾಗಿ ಕೇಳಿದರು, ಮನೆಯಲ್ಲಿ ಬಂದೂಕು ಇರುವುದಕ್ಕೆ ನಿಮ್ಮ ಪೂರ್ಣ ಒಪ್ಪಿಗೆ ಇದೆಯೇ? ಕಾಕೂ "ಯೆಸ್" ಎಂದರು, "ಹಿ ವೇಟೆಡ್ ವೆರಿ ಲಾಂಗ್" ಎಂದರು. ಆದರೆ ಭರಣಿಯೊಂದನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡೇ ನಿಂತಿದ್ದರು. ಅದನ್ನು ನಾನು ಕಂಡೆ. ಕಾಕಾನೂ ಕಂಡಿರಬೇಕು.

ಪರವಾನಗಿ ಬಂತು. ಮತ್ತೆ ನನ್ನ ಶನಿವಾರ, ನನ್ನ ಸೊಂಟನೋವು. ಅದೇ ಅಂಗಡಿ, ಅದೇ ಕೆಂಪು ಮುಖ, ತಲೆ ಮಾತ್ರ ಬೆಳ್ಳಗಾಗಿತ್ತು. ಈ ಸಲದ ಕನ್ಯೆಯರೇ ಬೇರೆ. ಮೈ ಪೂರ್ತಿ ಉಕ್ಕಿನದು ಒಂದು, ಹಿತ್ತಾಳೆಯದು ಇನ್ನೊಂದು. ಹಿತ್ತಾಳೆಯದು ನೋಡಲು ಚಂದ, ಬಹಳ ಹೊಡೆದರೆ ಸಡಿಲವಾಗುತ್ತದೆ. ಉಂಡೆ ತುಂಬಿ ತಿರುಗುವ ಉರುಳೆಯ ಮೇಲೆ ಅಡ್ಡಪಟ್ಟಿ ಇರುವುದು ಗಟ್ಟಿ, ಪಟ್ಟಿ ಇಲ್ಲದ್ದು ಚೆಲುವು. ಪಟ್ಟಿ ಇಲ್ಲದ್ದರಲ್ಲಿ ಗುರಿ ನೋಡುವ ಕಿಂಡಿ ಸುತ್ತಿಗೆಯ ತಲೆಯಲ್ಲೇ ಇರುತ್ತದೆ, ಸುತ್ತಿಗೆ ಎಳೆದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಇದನ್ನು ಕಂಡು ಕಾಕಾ ಸಣ್ಣ ಹುಡುಗನಂತೆ ಹಿಗ್ಗಿ ನನ್ನನ್ನೂ ಕರೆದು ನೋಡಿಸಿದರು. ನಾನು ನೋಡಿದೆ, ಮೊಳೆಯೂ ಮಸುಕು, ಗುರಿಯೂ ಮಸುಕು. "ನಿನ್ನ ಕಣ್ಣಿಗೆ ವಯಸ್ಸಾತು, ಟೆಸ್ಟ್ ಮಾಡಿಸು" ಎಂದರು.

ಕೊನೆಗೆ ಎದ್ದು ಕೈ ಕುಲುಕಿ, "ವೆರಿ ನೈಸ್. ವಿ ವಿಲ್ ಗೋ ಹೋಮ್ ಅಂಡ್ ಲೆಟ್ ಯೂ ನೋ."

ಮನೆಯ ಬಾಗಿಲಲ್ಲಿ ಕಾಕೂ ಕಾಯುತ್ತಿದ್ದರು. "ಆತೇನ್ರೀ?"

"ಎರಡು ಉಳದಾವ. ಮುಂದ ಯುಗಾದಿಗೆ ನೋಡೋಣು."

"ನನ್ನ ಹಣೇಬಾರ!" ಎಂದು ಹಣೆ ಚಚ್ಚಿಕೊಂಡು ಕಾಕೂ ಒಳಗೆ ಹೋಗುತ್ತಿದ್ದರು. ಆಮೇಲೆ ಬೈಯುತ್ತ ಬೈಯುತ್ತಲೇ ನಮಗೆ ಬಿಸಿ ಬಿಸಿ ಮಿರ್ಚಿ ಭಜಿ ಕರಿದು ಹಾಕುತ್ತಿದ್ದರು. ಯುಗಾದಿಯಿಂದ ಅಕ್ಷಯ ತದಿಗೆ, ಅಲ್ಲಿಂದ ದಸರೆ, ದಸರೆಯಿಂದ ದೀಪಾವಳಿ. ವರ್ಷಗಳೇ ಹೀಗೆ ಉರುಳಿದವು. ಮಗಳು ಬಂದಾಗಲೆಲ್ಲ, "ಡ್ಯಾಡ್, ಜಸ್ಟ್ ಪಿಕ್ ಒನ್!" ಎಂದು ಕೂಗಾಡುತ್ತಿದ್ದಳು. ಉಪ್ಪಿನಕಾಯಿ ಭರಣಿಗಳು "ಅಲ್ಲೀತನಕ ಇರಲಿ" ಎಂದು ಒಂದೊಂದಾಗಿ ಕಪಾಟಿಗೆ ಮರಳಿದವು. ಬೇಕೆಂದಾಗ ಕಾಕಾ ಬೀಗ ತೆಗೆದುಕೊಡುತ್ತಿದ್ದರು, ಕಾನೂನು ಕಾನೂನೇ.

ನನಗೂ ಒಂದು ದಿನ ತಲೆ ಕೆಟ್ಟಿತು. ಅಕ್ಷಯ ತದಿಗೆಯ ದಿನ, ವಾಪಸು ಬರುತ್ತ ಸೌತ್ ಸರ್ಕ್ಯುಲರ್ ರಸ್ತೆಯಲ್ಲಿ ಟ್ರಾಫಿಕ್ ಜಾಮ್. ಮುಂದೆ ಲಾರಿ, ಹಿಂದೆ ಲಾರಿ, ಕಾಲು ಮರಗಟ್ಟಿತ್ತು. ಪಕ್ಕದಲ್ಲಿ ಕಾಕಾ ಆರಾಮಾಗಿ ಅಡಿಕೆ ಅಗಿಯುತ್ತಿದ್ದರು.

"ಕಾಕಾ, ಇವತ್ತು ಎರಡರಲ್ಲಿ ಒಂದು ಹೇಳಿಬಿಡಿ. ಇಲ್ಲಾಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ, ನಡ್ಕೊಂಡು ಬನ್ನಿ. ನನಗೂ ಮನೆಮಠ ಇಲ್ವಾ?"

ಕಾಕಾ ನಕ್ಕರು. "ಆರಿಸೇ ಬಿಟ್ಟೇನಲ್ಲ ತಂಗೀ."

"ಅಬ್ಬ! ಯಾವುದು?"

"ಯಾವುದೂ ಬ್ಯಾಡ ಅಂತ. ಆವತ್ತ ಫೋನ್ ಮಾಡಿದ್ನಲ್ಲಾ, ನಿನ್ನ ಎದುರಿಗೇ. ಅದ ಕಡೇದು. ಅದರ ಮ್ಯಾಲೆ ಮತ್ತ ವಿಚಾರ ಮಾಡಿಲ್ಲ ನಾ."

ನನಗೆ ಏನೂ ಅರ್ಥವಾಗಲಿಲ್ಲ. ಹಾಗಾದರೆ ಇಷ್ಟು ವರ್ಷ ಈ ತಿರುಗಾಟ?

"ಮತ್ತೆ ಕಾಕೂಗೆ ಬೇಡ ಅಂತ ಹೇಳಿಬಿಡಬಹುದಿತ್ತಲ್ಲ!"

"ಹೆಂಗ ಹೇಳಲಿ?" ಎಂದರು. ದನಿ ಇಳಿದಿತ್ತು. "ಆಕಿ ಎಷ್ಟು ಮನಸ್ಸು ಗಟ್ಟಿ ಮಾಡಿ ಹೂಂ ಅಂದಾಳ ಗೊತ್ತೇನು? ಆ ಆಫೀಸರ್ ಬಂದು ಹೋದ ಮ್ಯಾಲೆ ಎಷ್ಟೋ ದಿನಾ ಆಕಿಗೆ ಸರಿಯಾಗಿ ನಿದ್ದಿ ಇಲ್ಲ. ನಾ ಅದನ್ನ ತಂದೆ ಅಂದ್ರ ಆಕಿ ನಿದ್ದಿ ಹೋತು. ಬ್ಯಾಡ ಅಂದೆ ಅಂದ್ರ, ನನ್ನ ಸಲುವಾಗಿನ ಬಿಟ್ಟರು ಅಂತ ಜನ್ಮಪೂರ್ತಿ ಕೊರಗತಾಳ. ಅದಕ್ಕ ನೋಡಕೋತ ಇರೂದು. ಆರಸಲಿಕ್ಕೆ ಬರೂದಿಲ್ಲ ಇವನಿಗೆ ಅಂತ ಊರಿಗೆಲ್ಲ ಗೊತ್ತದ. ಯಾರಿಗೂ ಸಂಶೇ ಬರೂದಿಲ್ಲ."

ಹಿಂದಿನ ಲಾರಿಯವನು ಹಾರ್ನ್ ಹೊಡೆದ.

"ಮತ್ತ ನನಗೂ ನೋಡೂದು ಸೇರತದವಾ, ಸುಳ್ಳ ಯಾಕ ಹೇಳಲಿ" ಎಂದು ಸೇರಿಸಿದರು. "ಆಕಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು. ಗಾಡಿ ಬಿಡು, ಹಸಿರು ಸಿಗ್ನಲ್ ಬಿತ್ತು."

ಗಾಡಿ ಬಿಟ್ಟೆ. ಅವತ್ತು ಮನೆ ಮುಟ್ಟಿದಾಗ "ಆತೇನ್ರೀ?" ಎಂಬ ಪ್ರಶ್ನೆಗೆ ಕಾಕಾಗಿಂತ ಮೊದಲು ನಾನೇ, "ಎಲ್ಲಿ ಕಾಕೂ, ಇನ್ನೂ ಎರಡು ಉಳಿದಿವೆ" ಎಂದೆ. ಕಾಕೂ ಹಣೆ ಚಚ್ಚಿಕೊಂಡು ಬಾಣಲೆ ಇಟ್ಟರು. ಆ ಮೇಲಿನ ಶನಿವಾರಗಳಲ್ಲಿ ನನಗೆ ಸೊಂಟನೋವು ಅಷ್ಟಾಗಿ ತಿಳಿಯಲಿಲ್ಲ. ಅಂಗಡಿಯಲ್ಲಿ ನಾನೂ ಕಾಕಾ ಜೊತೆ ಚರ್ಚೆಗೆ ಇಳಿಯುತ್ತಿದ್ದೆ. ಹಿತ್ತಾಳೆಯದೇ ಚಂದ ಎಂದು ಹಟ ಮಾಡಿ ಅವರಿಂದ ಬೈಸಿಕೊಂಡದ್ದೂ ಉಂಟು.

ಕಾಕಾ ಹೋದದ್ದು ದಸರೆಯ ಮುಂಚೆ, ಹೃದಯ ನಿಂತು, ಒಂದೇ ಏಟಿಗೆ. ಯಾವತ್ತೂ ಯಾವುದಕ್ಕೂ ಅವಸರ ಮಾಡದ ಮನುಷ್ಯ ಇದೊಂದರಲ್ಲಿ ಇಷ್ಟು ಅವಸರ ಮಾಡಬಾರದಿತ್ತು. ನನಗೆ ಅವರ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಹೆಂಡನ್ ಕಡೆಯ ಸ್ಮಶಾನದ ಸಭಾಂಗಣದಲ್ಲಿ ಪೋಸ್ಟ್‌ಮನ್ ಕೋಲೂರಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತು, ಕಾಕಾ ಮಾಡಿಕೊಟ್ಟ ಕನ್ನಡಕ ತೆಗೆದು ಅತ್ತರು.

ಹದಿಮೂರನೆಯ ದಿನ ಊಟ ಮುಗಿದು ಎಲ್ಲರೂ ಹೋದ ಮೇಲೆ ನಾನು ಪಾತ್ರೆ ಒರೆಸುತ್ತಿದ್ದೆ. ಕಾಕೂ ಬಂದು ನನ್ನ ಕೈಯಿಂದ ಬಟ್ಟೆ ತೆಗೆದಿಟ್ಟು, ಎದುರು ಕೂರಿಸಿಕೊಂಡರು.

"ಖರೇ ಹೇಳು" ಎಂದರು. "ನೀ ಅವರ ಜೋಡಿ ಹೋಗತಿದ್ದಿ. ಕಡೀಕ ಯಾವುದರ ಮ್ಯಾಲೆ ಮನಸ್ಸಿತ್ತವಾ ಅವರಿಗೆ? ಒಂದು ಆರಿಸಿದ್ದರೇನು? ನನ್ನ ಮಾರಿ ನೋಡಿ ಸುಮ್ಮನಾದರೇನು? ಅದೊಂದ ನನಗ ತಿನ್ನಲಿಕ್ಕೆ ಹತ್ತೇದ."

ನಾನು ನಗುಮುಖ ಮಾಡಿದೆ.

"ಅವರು ಆರಿಸೋದೇ! ಇಲ್ಲ ಕಾಕೂ. ಎರಡು ಉಳಿದಿದ್ವು. ದಸರೆಗೆ ನೋಡೋಣ ಅಂದಿದ್ರು."

ಕಾಕೂ ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಕಾಕಾ ಹೋದಮೇಲೆ ಮೊದಲ ಸಲ ನಕ್ಕರು, ತಡೆಯಲಾರದೆ, ಮೇಜು ಹಿಡಿದುಕೊಂಡು ನಕ್ಕರು.

"ಸಾಯೂತನಾ ಒಂದು ಆರಸಲಿಲ್ಲ ನೋಡವಾ ಈ ಮನಶ್ಯಾ!" ಎಂದರು. ನಗುತ್ತ ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ನಾನು ಅವರ ಕೈ ಹಿಡಿದುಕೊಂಡು ಕೂತೆ. ಬಾಯಿ ಬಿಡಲಿಲ್ಲ.